ಒಂದು ಮಾರು ಫಿಲಂ

ನಮ್ಮ ಮನೆಯ ಫ್ರಿಜ್‌ನಲ್ಲಿ, ಹಸಿಮೆಣಸಿನಕಾಯಿ ಡಬ್ಬಿಯ ಹಿಂದೆ, ಒಂದು ಚಪ್ಪಟೆ ತಗಡಿನ ಡಬ್ಬಿ ಇದೆ. ಸುತ್ತಲೂ ಕಪ್ಪು ಟೇಪು. ಅದನ್ನು ಯಾರೂ ತೆರೆಯಬಾರದು ಅಂತ ತಮ್ಮನ ಮಕ್ಕಳಿಗೆ ಹೆದರಿಸಿಟ್ಟಿದ್ದೇನೆ. ಮನೆಗೆ ಬಂದವರು "ಅದರಾಗ ಏನೈತ್ರೀ?" ಅಂತ ಕೇಳಿದರೆ ಅವ್ವ "ಅಕೀ ಸಿನಿಮಾ ರೀ" ಅನ್ನುತ್ತಾಳೆ.

ಅವ್ವ ಹೇಳುವುದು ಸುಳ್ಳಲ್ಲ. ಅದು ಸಿನಿಮಾ ಶೂಟಿಂಗ್‌ಗೆ ಬಳಸುವ ಕಪ್ಪು-ಬಿಳುಪು ರೀಲು. ಕೊಡಾಕ್ ಕಂಪನಿಯ ಡಬಲ್-ಎಕ್ಸ್ ಅಂತ ಹೆಸರು. 1959ರಿಂದ ಇವತ್ತಿನವರೆಗೂ ತಯಾರಾಗುತ್ತಿದೆ. ‘ಷಿಂಡ್ಲರ್ಸ್ ಲಿಸ್ಟ್’ ಸಿನಿಮಾ ತೆಗೆದದ್ದು ಇದರಲ್ಲೇ. ಮೊನ್ನೆ ಮೊನ್ನೆಯ ‘ಓಪನ್‌ಹೈಮರ್’ ಸಿನಿಮಾದ ಕಪ್ಪು-ಬಿಳುಪು ಭಾಗಕ್ಕೆ ಇದನ್ನೇ ಅಗಲದ ಅಳತೆಯಲ್ಲಿ ಹೊಸದಾಗಿ ಮಾಡಿಕೊಟ್ಟರು. ಅಂಥ ರೀಲು ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ಫ್ರಿಜ್‌ಗೆ ಬಂದದ್ದು ಸ್ಟುಡಿಯೊ ಕಾಕಾನಿಂದ.

ಕಾಕಾ ನಮ್ಮ ತಾಲೂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಸ್ಟುಡಿಯೊ ನಡೆಸಿದವರು. ಅಂಗಡಿ ಮುಚ್ಚುವಾಗ ನನ್ನನ್ನು ಕರೆಸಿ ಒಂದು ಯಾಶಿಕಾ ಎಫ್‌ಎಕ್ಸ್-3 ಕ್ಯಾಮೆರಾ, ಫಿಲಂ ತೊಳೆಯುವ ಪ್ಲಾಸ್ಟಿಕ್ ಟ್ಯಾಂಕು, ಖಾಲಿ ಕ್ಯಾಸೆಟ್ಟುಗಳು, ಈ ಡಬ್ಬಿ, ಎಲ್ಲ ಒಂದು ಗೋಣಿಚೀಲಕ್ಕೆ ಹಾಕಿ ಕೊಟ್ಟರು. ಡಬ್ಬಿಯಲ್ಲಿದ್ದದ್ದು ನೂರು ಅಡಿ. ಯಾವುದೋ ಶೂಟಿಂಗ್‌ನಲ್ಲಿ ಮಿಕ್ಕ ತುಂಡು, ಪರಿಚಯದ ಕ್ಯಾಮೆರಾದವರೊಬ್ಬರು ಅವರಿಗೆ ಕೊಟ್ಟಿದ್ದರಂತೆ. "ನೀ ಪೇಪರ್‌ದಾಕಿ. ಮೊಬೈಲಾಗ ಫೋಟೊ ತಗದು ತಗದು ಕಳಸ್ತಿ. ಒಂದರೆ ಉಳದೈತೇನು ನಿನ್ನ ಹಂತೇಕ?" ಅಂದರು.

ಉಳಿದಿರಲಿಲ್ಲ. ಹೋದ ವರ್ಷ ನನ್ನ ಫೋನು ಬಸ್ ಸ್ಟ್ಯಾಂಡಿನಲ್ಲಿ ಕಳೆದಾಗ ನಾಲ್ಕು ವರ್ಷದ ಫೋಟೊಗಳು ಅದರ ಜೊತೆಗೇ ಹೋಗಿದ್ದವು. ಪತ್ರಿಕೆಯಲ್ಲಿ ಅಚ್ಚಾದ ಅಂಗೈಯಗಲದ ಚಿತ್ರಗಳಷ್ಟೇ ಈಗ ಸಾಕ್ಷಿ.

ಸಿನಿಮಾ ರೀಲು ಫೋಟೊ ಕ್ಯಾಮೆರಾಗೆ ಹೇಗೆ ಹಿಡಿಸುತ್ತದೆ ಅಂತ ನಾನೂ ಕೇಳಿದ್ದೆ. ಕೇಳಬೇಕಾದ್ದು ಉಲ್ಟಾ. ಫೋಟೊ ಕ್ಯಾಮೆರಾವೇ ಸಿನಿಮಾ ರೀಲಿಗಾಗಿ ಹುಟ್ಟಿದ್ದು. ಜರ್ಮನಿಯ ಓಸ್ಕರ್ ಬಾರ್ನಾಕ್ 1913-14ರ ಹೊತ್ತಿಗೆ 35 ಮಿ.ಮೀ. ಸಿನಿಮಾ ಫಿಲಂ ಹಾಕುವ ಸಣ್ಣ ಕ್ಯಾಮೆರಾ ಮಾಡಿದ. ಅದೇ ಮುಂದೆ, 1925ರಲ್ಲಿ, ಲೈಕಾ ಆಯಿತು. ಸಿನಿಮಾದ ಎರಡು ಚೌಕ ಸೇರಿದರೆ ಒಂದು ಫೋಟೊ. ಅಂಚಿನ ತೂತುಗಳೂ ಅವೇ. ಹಾಗಾಗಿ ನಮ್ಮ ಕಡೆಯ ಸ್ಟುಡಿಯೊದವರು ಸಿನಿಮಾದವರ ಹತ್ತಿರ ಮಿಕ್ಕ ತುಂಡು ತಂದು ಕ್ಯಾಸೆಟ್ಟಿಗೆ ಸುತ್ತಿ ಮದುವೆ ಫೋಟೊ ತೆಗೆಯುತ್ತಿದ್ದ ಕಾಲವೊಂದಿತ್ತು. ಕಾಕಾ ಪೂರ್ವ ಜರ್ಮನಿಯ ಓರ್ವೋ ಫಿಲಂ ಬಳಸಿದವರು, ಊಟಿಯ ಸರ್ಕಾರಿ ಕಾರ್ಖಾನೆಯ ‘ಇಂದು’ ಫಿಲಂನ್ನೂ ಬಳಸಿದವರು. ಊಟಿ ಕಾರ್ಖಾನೆ ಈಗ ಮುಚ್ಚಿದೆ.

ಒಂದು ಎಚ್ಚರಿಕೆ ಮಾತ್ರ ಅವರು ಎರಡೆರಡು ಸಲ ಹೇಳಿದರು. ಬಣ್ಣದ ಸಿನಿಮಾ ರೀಲು ಸಿಕ್ಕರೆ ಮುಟ್ಟಬೇಡ, ಹಳೆಯ ರೀಲಿನ ಬೆನ್ನಿಗೆ ಮಸಿಯ ಪದರ ಇರುತ್ತದೆ, ಮಾಮೂಲಿ ಲ್ಯಾಬಿನ ಮಷಿನ್ನಿಗೆ ಹಾಕಿದರೆ ಎಲ್ಲರ ಫಿಲಂಗೂ ಮಸಿ ಹತ್ತುತ್ತದೆ ಅಂತ. ಕಪ್ಪು-ಬಿಳುಪಿಗೆ ಆ ತಾಪತ್ರಯ ಇಲ್ಲ.

ಅಳತೆ ಹೇಗೆ? ಕತ್ತಲಲ್ಲಿ ಸ್ಕೇಲು ಕಾಣುವುದಿಲ್ಲ. 36 ಫೋಟೊಗೆ ಒಂದು ಮೀಟರು ಅರವತ್ತು ಸೆಂಟಿಮೀಟರು ಬೇಕು. ಕಾಕಾ ಎರಡೂ ಕೈ ಚಾಚಿ ತೋರಿಸಿದರು. ಹೂ ಮಾರುವವರ ಲೆಕ್ಕ. ಒಂದು ಮಾರು. ಕುಳ್ಳಗಿನ ನನ್ನ ಮಾರಿಗೆ ಒಂದೆರಡು ಫೋಟೊ ಕಡಿಮೆ ಬರುತ್ತವೆ, ಅಷ್ಟೇ. ಸಿನಿಮಾದವರು ಇದೇ ಒಂದು ಮಾರನ್ನು ಮೂರೂವರೆ ಸೆಕೆಂಡಿಗೆ ಮುಗಿಸುತ್ತಾರೆ. ನನಗೆ ಅದು ತಿಂಗಳು ಬರುತ್ತದೆ.

ತೊಳೆಯುವ ಕೆಲಸ ನಮ್ಮ ಬಚ್ಚಲಲ್ಲಿ. ಸಿನಿಮಾದಲ್ಲಿ ತೋರಿಸುವ ಕೆಂಪು ಬಲ್ಬು ಇಲ್ಲಿ ನಡೆಯುವುದಿಲ್ಲ. ಅದು ಕಾಗದದ ಮೇಲೆ ಪ್ರಿಂಟ್ ಹಾಕುವಾಗ. ಈ ಫಿಲಂಗೆ ಕೆಂಪೂ ಕಾಣುತ್ತದೆ. ಪೂರ್ತಿ ಕತ್ತಲೇ ಬೇಕು. ರಾತ್ರಿ ಕರೆಂಟ್ ಹೋದರೆ ಊರೆಲ್ಲ ಬೈಯುತ್ತದೆ, ನಾನು ಟ್ಯಾಂಕು ಹಿಡಿದು ಬಚ್ಚಲಿಗೆ ಓಡುತ್ತೇನೆ. ಕತ್ತಲಲ್ಲಿ ಫಿಲಂನ್ನು ಸುರುಳಿಗೆ ಸುತ್ತಿ ಟ್ಯಾಂಕಿನ ಮುಚ್ಚಳ ಹಾಕುವವರೆಗೆ ಐದು ನಿಮಿಷ. ಆಮೇಲೆ ದೀಪ ಹಚ್ಚಬಹುದು.

ಡೆವಲಪರ್ ನಾನೇ ಕಲಸುತ್ತೇನೆ. ಡಿ-76 ಅಂತ, ಇದೂ ಮೂಲದಲ್ಲಿ ಸಿನಿಮಾ ಫಿಲಂಗೆಂದೇ ಹುಟ್ಟಿದ್ದು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮೊದಲ ಮೂರು ಪಾರ್ಸೆಲ್‌ನಲ್ಲಿ ಬರುತ್ತವೆ. ನಾಲ್ಕನೆಯದು ನಮ್ಮ ಬಿಳಿಗಾರ, ಅಕ್ಕಸಾಲಿಗರು ಬೆಸುಗೆಗೆ ಬಳಸುವುದು. ಕೈಗೆ ಗ್ಲೌಸು ಹಾಕಲೇಬೇಕು, ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಡುಗೆ ಪಾತ್ರೆ ಮುಟ್ಟುವಂತಿಲ್ಲ. ಇದು ವಿಜ್ಞಾನವೂ ಹೌದು, ಅವ್ವನ ಕಾನೂನೂ ಹೌದು.

ಕಷ್ಟ ಇರುವುದು ಬಿಸಿಲಿನಲ್ಲಿ. ಪುಸ್ತಕದ ಲೆಕ್ಕವೆಲ್ಲ 20 ಡಿಗ್ರಿ ನೀರಿಗೆ. ಏಪ್ರಿಲ್‌ನಲ್ಲಿ ನಮ್ಮ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರಿಗೆ ಥರ್ಮಾಮೀಟರ್ ಇಟ್ಟರೆ 38. ಅಂಥ ನೀರಿನಲ್ಲಿ ಫಿಲಂ ಮೇಲಿನ ಪದರ ಮೆತ್ತಗಾಗಿ ಹಾಳಾಗುತ್ತದೆ. ಐಸ್ ಹಾಕಿ ನೋಡಿದೆ, ಒಂದು ಸಲ ಹೆಚ್ಚು ತಣ್ಣಗೆ, ಒಂದು ಸಲ ಕಡಿಮೆ. ಕೊನೆಗೆ ದಾರಿ ತೋರಿಸಿದ್ದು ಅಡುಗೆಮನೆಯ ಮಣ್ಣಿನ ಹರವಿ. ಅದರ ನೀರು ಒಣ ಬೇಸಿಗೆಯಲ್ಲೂ 24-25ಕ್ಕೆ ನಿಲ್ಲುತ್ತದೆ. ಆ ನೀರನ್ನು ಬಕೆಟ್ಟಿಗೆ ಸುರಿದು ಡೆವಲಪರ್ ಬಾಟಲಿ ಒಂದು ತಾಸು ಅದರಲ್ಲಿ ನಿಲ್ಲಿಸುವುದು. 20 ಡಿಗ್ರಿಗೆ ಏಳು ನಿಮಿಷ ಬೇಕಾದ ಕೆಲಸ 24ಕ್ಕೆ ಐದು ನಿಮಿಷದಲ್ಲಿ ಆಗುತ್ತದೆ. ನಂತರ ಹೈಪೋ, ನಂತರ ತೊಳೆಯುವುದು.

ವಾರಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ ಅರ್ಧ ತಾಸು ನೀರು ಹರಿಯಬಿಡಲು ಆಗುತ್ತದೆಯೇ? ಇಲ್ಫೋರ್ಡ್ ಕಂಪನಿಯವರ ಒಂದು ಲೆಕ್ಕ ನಮ್ಮಂಥವರಿಗೇ ಮಾಡಿದ ಹಾಗಿದೆ. ಟ್ಯಾಂಕಿಗೆ ನೀರು ತುಂಬಿ 5 ಸಲ ತಿರುವಿ ಚೆಲ್ಲು, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಎರಡು ಲೀಟರ್ ಸಹ ಬೇಡ. ಕೊನೆಯ ಅದ್ದುವಿಕೆಗೆ ಮಾತ್ರ ಶುದ್ಧ ನೀರಿನ ಘಟಕದಿಂದ ತಂದ ನೀರು. ಬೋರ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಕೂಡುತ್ತದೆ. ಹಳೇ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಗಟಾರಕ್ಕೆ, ಹೊಲಕ್ಕೆ ಚೆಲ್ಲಬಾರದು. ಕ್ಯಾನಿನಲ್ಲಿ ತುಂಬಿಡುತ್ತೇನೆ. ಕಾಕಾನ ಕಾಲದಲ್ಲಿ ಬೆಳ್ಳಿ ತೆಗೆಯುವವರು ಬಂದು ಒಯ್ಯುತ್ತಿದ್ದರಂತೆ.

ಇಷ್ಟೆಲ್ಲ ಕಲಿತ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂತು ಅಂತ ಈಗ ಅನ್ನಿಸುತ್ತದೆ.

ಗುಳೇದಗುಡ್ಡ ಖಣ ನೇಯುವ ಅಜ್ಜ ಒಬ್ಬರಿದ್ದರು. ಕುಣಿ ಮಗ್ಗ, ಮನೆಯ ಮುಂದಿನ ಕೋಣೆಯಲ್ಲೇ. ಸುತ್ತಲಿನವರು ಪವರ್‌ಲೂಮಿಗೆ ಹೋದರೂ ಇವರು ಕುಣಿ ಬಿಟ್ಟು ಏಳಲಿಲ್ಲ. ಅವರ ಮೇಲೆ ಸುದ್ದಿ ಬರೆಯಲು ಹೋದಾಗ ಕಿಟಕಿಯಿಂದ ಬೆಳಕು ಬಿದ್ದ ರೀತಿ ನೋಡಿ ಫೋನನ್ನು ಚೀಲದಲ್ಲೇ ಬಿಟ್ಟೆ. ಯಾಶಿಕಾ ತೆಗೆದೆ. ರೋಲಿನಲ್ಲಿ ಮೊದಲೇ ಸಂತೆಯ ಕುರಿಗಳು, ಚಹಾದಂಗಡಿ ಎಲ್ಲ ಸೇರಿ ಹದಿನೆಂಟು ಆಗಿದ್ದವು. ಉಳಿದದ್ದೆಲ್ಲ ಅಜ್ಜನಿಗೆ. ಸುದ್ದಿಗೂ ಇದೇ ಫೋಟೊ ಕಳಿಸೋಣ, ಡೆಸ್ಕಿನವರು ನೋಡಿ ಬೆರಗಾಗಲಿ ಅನ್ನುವ ಆಸೆ ಬೇರೆ.

ಹೊರಡುವಾಗ ಅಜ್ಜ ಕೇಳಿದರು. "ಮಗಳ, ಒಂದು ಪ್ರತಿ ನಮಗೂ ಕೊಡ್ತಿ ಹೌದಿಲ್ಲೋ? ನನ್ನದು ಛಲೋ ಫೋಟೊ ಒಂದೂ ಇಲ್ಲ."

"ಎಂಟು ದಿನದಾಗ ಕೊಡ್ತೀನಿ ಅಜ್ಜಾ" ಅಂದೆ.

ಅದೇ ರಾತ್ರಿ ಬಚ್ಚಲ ಬಾಗಿಲ ಸಂದಿಗೆ ಕಂಬಳಿ ತುರುಕಿ ಸುತ್ತಲು ಶುರು ಮಾಡಿದೆ. ಅರ್ಧ ಸುರುಳಿಗೆ ಹೋಗಿತ್ತು. ಇನ್ನರ್ಧ ಕೈಯಲ್ಲಿ ಜೋತಾಡುತ್ತಿತ್ತು. ಆಗ ನನ್ನ ಜೇಬಿನಲ್ಲಿ ಫೋನು ಬೆಳಗಿತು. ಡೆಸ್ಕಿನ ಕರೆ. ಗಂಟೆ ಬಂದ್ ಮಾಡಿದ್ದೆ, ಫೋನನ್ನು ಹೊರಗಿಡಲು ಮರೆತಿದ್ದೆ. ತೆಳ್ಳನೆಯ ಕಾಟನ್ ಬಟ್ಟೆಯೊಳಗಿಂದ ಬೆಳಕು ಬಂದು ಬಚ್ಚಲ ಗೋಡೆ ಕಂಡಿತು. ನನ್ನ ಕೈ ಕಂಡಿತು. ಕೈಯಲ್ಲಿದ್ದ ಫಿಲಂ ಕಂಡಿತು. ಬಗ್ಗಿ ಜೇಬನ್ನು ಒತ್ತಿ ಹಿಡಿಯುವಷ್ಟರಲ್ಲಿ ನಾಲ್ಕೈದು ಸೆಕೆಂಡು.

ಆದರೂ ತೊಳೆದೆ. ಕುರಿಗಳು ಚೆನ್ನಾಗಿ ಬಂದಿದ್ದವು. ಚಹಾದಂಗಡಿಯ ಹಬೆ ಕೂಡ ಬಂದಿತ್ತು. ಸುರುಳಿಯೊಳಗೆ ಮೊದಲು ಹೋದದ್ದು ಅವೇ ತಾನೇ. ಹತ್ತೊಂಬತ್ತರಿಂದ ಮುಂದೆ ನೆಗೆಟಿವ್ ಕಡುಕಪ್ಪು. ಪ್ರಿಂಟ್ ಹಾಕಿದರೆ ಬರೀ ಬಿಳಿ ಕಾಗದ. ಒಂದರಲ್ಲಿ ಮಾತ್ರ ಫಿಲಂ ಮಡಿಚಿಕೊಂಡಿದ್ದ ಕಡೆ ಅರ್ಧ ಉಳಿದಿತ್ತು: ಲಾಳಿಯ ಹಗ್ಗ ಹಿಡಿದ ಬಲಗೈ, ಮೊಣಕೈವರೆಗೆ.

ಮರುದಿನವೇ ಹೋಗಿ "ಅಜ್ಜಾ, ಕೆಟ್ಟಿತು, ಇನ್ನೊಮ್ಮೆ ಕೂಡ್ರಿ" ಅಂದಿದ್ದರೆ ಆಗುತ್ತಿತ್ತು. ಎಂಟು ಕಿಲೋಮೀಟರು ದಾರಿ. ನಾಚಿಕೆ ಆಯಿತು. ಪರೀಕ್ಷೆ ಫಲಿತಾಂಶ ಬಂತು, ಕುಡಿಯುವ ನೀರಿನ ಗಲಾಟೆ ಬಂತು, ದಿನಕ್ಕೆ ಮೂರು ಸುದ್ದಿ. ಅಜ್ಜನ ಸುದ್ದಿ ಫೋಟೊ ಇಲ್ಲ ಅಂತ ಡೆಸ್ಕಿನಲ್ಲೇ ಉಳಿಯಿತು. ಇಪ್ಪತ್ತನೆಯ ದಿನ ಅವರ ಮೊಮ್ಮಗನ ಫೋನು ಬಂತು. ಅಜ್ಜ ನಸುಕಿನಲ್ಲಿ ಹೋಗಿದ್ದರು. "ಅಕ್ಕಾ, ನೀವು ತಗದಿದ್ದ ಫೋಟೊ ಕಳಸ್ರೀ, ಫ್ರೇಮ್ ಹಾಕಸಬೇಕು" ಅಂದ.

ನಾನು ಏನು ಹೇಳಿದೆ ಅನ್ನುವುದು ನೆನಪಿದೆ, ಬರೆಯಲು ಮನಸ್ಸಿಲ್ಲ.

ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿದರು. ನೀವೂ ನೋಡಿರುತ್ತೀರಿ ಅಂಥವನ್ನು. ಮಸುಕು ಮುಖ, ಅದಕ್ಕೆ ಕಂಪ್ಯೂಟರಿನಲ್ಲಿ ಅಂಟಿಸಿದ ಕರೀ ಕೋಟು, ಹಿಂದೆ ನೀಲಿ ಪರದೆ. ಆಯುಷ್ಯದಲ್ಲಿ ಕೋಟು ಹಾಕದ ಮನುಷ್ಯ ಕೋಟು ಹಾಕಿಕೊಂಡು ಗೋಡೆ ಮೇಲೆ ಕೂತಿದ್ದಾರೆ.

ದಿನಕರ್ಮ ಮುಗಿದ ಮೇಲೆ ಆ ಅರ್ಧ ಫೋಟೊವನ್ನು ಪ್ರಿಂಟ್ ಹಾಕಿಸಿಕೊಂಡು ಹೋದೆ. ಕೊಡಬೇಕೋ ಬೇಡವೋ ಅಂತ ಚೀಲದಲ್ಲೇ ಇಟ್ಟುಕೊಂಡು ಕೂತಿದ್ದೆ. ಕೊನೆಗೆ ಆಯಿಯ ಮುಂದೆ ಎಲ್ಲ ಹೇಳಿದೆ. ಬಚ್ಚಲು, ಫೋನು, ಇಪ್ಪತ್ತು ದಿನ. ಆಯಿಗೆ ಫಿಲಂ ವಿಷಯ ಎಷ್ಟು ತಿಳಿಯಿತೋ ಗೊತ್ತಿಲ್ಲ. ಫೋಟೊವನ್ನು ಕಿಟಕಿ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. ಹೆಬ್ಬೆರಳ ಬುಡದಲ್ಲಿ ಹಗ್ಗ ತಿಕ್ಕಿ ತಿಕ್ಕಿ ಆದ ಗಡ್ಡೆ ಇತ್ತಲ್ಲ, ಅದನ್ನು ಉಗುರಿನಿಂದ ಮುಟ್ಟಿದರು.

"ಕೈ ಅವರದ ಐತಿ" ಅಂದರು. ಅದನ್ನು ಖಣದ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಬಚ್ಚಲಿಗೆ ಹೋಗುವ ಮೊದಲು ಫೋನನ್ನು ಅವ್ವನ ಕೈಗೆ ಕೊಡುತ್ತೇನೆ. ಅವ್ವ ಅದನ್ನು ಜೋಳದ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಾಳೆ. ಡೆಸ್ಕಿನವರು ಅರ್ಧ ತಾಸು ಕಾಯುತ್ತಾರೆ, ಏನೂ ಆಗುವುದಿಲ್ಲ. ಡಬ್ಬಿಯಲ್ಲಿ ಇನ್ನು ಆರು ಮಾರು ಉಳಿದಿರಬಹುದು.

ಹೋದ ಸೋಮವಾರ ಮತ್ತೆ ಅವರ ಮನೆಗೆ ಹೋಗಿದ್ದೆ, ಆಯಿಯ ಫೋಟೊ ತೆಗೆಯಲು. ಆಯಿ ಹೊಸ ಕುಬಸ ಹಾಕಿ, ತಲೆ ಬಾಚಿ, ಮಗ್ಗದ ಪಕ್ಕ ಕೂತಿದ್ದರು. ನಾನು ಯಾಶಿಕಾ ಎತ್ತಿದ ಕೂಡಲೇ ಕೈ ಅಡ್ಡ ಹಿಡಿದರು.

"ಯವ್ವಾ, ಮೊದಲ ಮೊಬೈಲಾಗ ಒಂದು ತಗಿ. ಆಮ್ಯಾಲೆ ನಿನ್ನ ರೀಲಾಗ ತಗಿ."

ಎರಡರಲ್ಲೂ ತೆಗೆದೆ. ಮೊಬೈಲಿನದನ್ನು ಅಲ್ಲೇ ಕೂತು ಮೊಮ್ಮಗನಿಗೆ ಕಳಿಸಿದೆ. ರೋಲ್ ಇನ್ನೂ ಕ್ಯಾಮೆರಾದಲ್ಲಿದೆ. ಹನ್ನೊಂದು ಬಾಕಿ.