ಉದ್ರಿ ಪುಸ್ತಕ ಮತ್ತು ಮಾತಾಡುವ ಡಬ್ಬಿ

ಹಳ್ಳಿಯ ಅಂಗಡಿಗೂ ಕಂಪ್ಯೂಟರ್ ಬರಬೇಕು ಎಂದು ದೊಡ್ಡವರು ಭಾಷಣ ಮಾಡುತ್ತಿದ್ದ ಕಾಲವೊಂದಿತ್ತು. ಬಂದದ್ದು ಕಂಪ್ಯೂಟರ್ ಅಲ್ಲ, ಕಪ್ಪು ಬಿಳಿ ಚೌಕಗಳ ಒಂದು ಕ್ಯೂಆರ್ ಚೀಟಿ. ರಜೆಗೆ ಹಾವೇರಿ ಕಡೆಯ ನಮ್ಮೂರಿಗೆ ಹೋದಾಗಲೆಲ್ಲ ನಾವು ಅದನ್ನು ನೋಡುತ್ತೇವೆ: ಕಿರಾಣಿ ಅಂಗಡಿಯ ಬಿಸ್ಕತ್ತಿನ ಡಬ್ಬಿಯ ಮೇಲೆ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಬುಟ್ಟಿಯ ಪಕ್ಕ, ಗಿರಣಿಯ ಹಿಟ್ಟು ಮೆತ್ತಿದ ಗೋಡೆಯ ಮೇಲೆ.

ಯುಪಿಐ ಆರಂಭವಾದದ್ದು 2016ರಲ್ಲಿ. ಅದೇ ನವೆಂಬರಿನಲ್ಲಿ 500, 1000 ರೂಪಾಯಿ ನೋಟು ರದ್ದಾಗಿ ಜನ ಪರದಾಡಿದರು. ಆಗಲೂ ಕಾರ್ಡ್ ಉಜ್ಜುವ ಯಂತ್ರ ಹಳ್ಳಿಗೆ ಅಷ್ಟಾಗಿ ಒಗ್ಗಲಿಲ್ಲ. ಯಂತ್ರಕ್ಕೆ ಖರ್ಚು, ವ್ಯಾಪಾರದ ಮೇಲೆ ಶುಲ್ಕ. ಶ್ಯಾಂಪೂ ಪೊಟ್ಟಣ ಮಾರುವವರಿಗೆ ಗಿಟ್ಟುವ ಮಾತೇ? ಚೀಟಿಗೆ ಕರೆಂಟೂ ಬೇಡ. 2020ರ ಜನವರಿಯಲ್ಲಿ ವ್ಯಾಪಾರಿಯ ಶುಲ್ಕವನ್ನೂ ತೆಗೆದುಹಾಕಿದರು.

ಭಾಷೆ ಕಲಿಸುವ ನಮಗೆ ಇದರಲ್ಲಿ ತೀರಾ ಹಿಡಿಸಿದ್ದು ಮಾತಾಡುವ ಡಬ್ಬಿ. ಫೋನಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂದರೆ ಓದಲು ಬಾರದ ಅಜ್ಜಿ ಏನು ಮಾಡಬೇಕು? ಹಳೆಯ ಪಾವತಿಯ ಚಿತ್ರ ತೋರಿಸಿ ಜಾರಿಕೊಳ್ಳುವವರೂ ಇದ್ದಾರೆ. ಡಬ್ಬಿ ಕನ್ನಡದಲ್ಲಿ ಮೊತ್ತ ಕೂಗಿದ ಮೇಲೆಯೇ ಸೊಪ್ಪಿನ ಕಟ್ಟು ಕೈಬಿಡುವುದು. ತಂತ್ರಜ್ಞಾನವೆಂದರೆ ಇಂಗ್ಲಿಷ್ ಎಂದು ನಂಬಿರುವ ನಮ್ಮ ಶಾಲೆಯ ಮಕ್ಕಳು ಅದನ್ನೊಮ್ಮೆ ಕೇಳಬೇಕು!

ಹಾಗೆಂದು ಉದ್ರಿ ಪುಸ್ತಕ ಮೂಲೆ ಸೇರಿಲ್ಲ. "ಹತ್ತಿ ಮಾರಿದ ಮ್ಯಾಲ ಕೊಡತೀನ್ರಿ" ಎಂದವರ ಹೆಸರು ಈಗಲೂ ಅದರಲ್ಲೇ. ಯಾರು ಯಾಕೆ ಕೊಟ್ಟರು, ಯಾರು ಯಾಕೆ ಕೊಡಲಿಲ್ಲ ಎಂಬುದು ಅಂಗಡಿಯವರಿಗೆ ಗೊತ್ತು. ಯುಪಿಐಗೆ ಗೊತ್ತಿರುವುದು ಬಂದ ಹಣ ಮಾತ್ರ.

ಇದರ ಬಿಸಿ 2025ರ ಜುಲೈನಲ್ಲಿ ತಟ್ಟಿತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು ಸುಮಾರು 29 ಲಕ್ಷ ರೂಪಾಯಿಯದು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ನಿಜ. ಆದರೆ ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಖಾತೆಗೆ ಬಂದ ಕೈಸಾಲವೂ ವ್ಯಾಪಾರವೇ? ಬೆಂಗಳೂರಿನ ಅನೇಕ ಅಂಗಡಿಗಳು ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು.

ಇಲ್ಲಿ ಗಲ್ಫಿನಲ್ಲಿರುವ ನಮಗೂ ಇದು ದೂರದ ಸುದ್ದಿಯಲ್ಲ. ಊರಲ್ಲಿ ಅಂಗಡಿ ಇಟ್ಟುಕೊಂಡ ಅಪ್ಪನಿಗೆ ಔಷಧಿಗೆಂದು ಕಳಿಸುವ ದುಡ್ಡನ್ನು ನಾವು ಕೆಲವರು ಈಗ ಅಂಗಡಿಯ ಖಾತೆಗೆ ಹಾಕುವುದಿಲ್ಲ. ಅಮ್ಮನ ಹೆಸರಿನ ಖಾತೆಗೆ ಕಳಿಸುತ್ತೇವೆ.