ಎರಡು ಡಿಕ್ಕಿ

ನಮ್ಮ ಮಾತಿನಲ್ಲಿ ಕಾರಿನ ಹಿಂದೆ ಸಾಮಾನಿಡುವ ಜಾಗವೂ ಡಿಕ್ಕಿ, ಗುದ್ದುವುದೂ ಡಿಕ್ಕಿ. ಮೊದಲನೆಯದನ್ನು ತುಂಬುವಾಗ ಎರಡನೆಯದು ನೆನಪಿರಬೇಕು.

ಪಟಾನ್‌ಚೆರುವಿನಿಂದ ಬೀದರಿಗೆ ಹೋಗಲು ರಾಷ್ಟ್ರೀಯ ಹೆದ್ದಾರಿ 65 ಹಿಡಿದು, ಜಹೀರಾಬಾದ್‌ನಲ್ಲಿ ಬಲಕ್ಕೆ ತಿರುಗುತ್ತೇವೆ. ಹೋಗುವಾಗ ಎರಡು ಬ್ಯಾಗು. ಬರುವಾಗ ಜೋಳದ ಚೀಲ, ತೊಗರಿಬೇಳೆ, ಶೇಂಗಾ ಹಿಂಡಿ, ಉಪ್ಪಿನಕಾಯಿ ಭರಣಿ. ಭಾರದ ಚೀಲವನ್ನು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿಗೆ ಒತ್ತಿ ಮಲಗಿಸುತ್ತೇನೆ. ಹಗುರವಾದದ್ದು ಅದರ ಮೇಲೆ. ಮಡಚುವ ಸೀಟಿನ ಬೆನ್ನು ಸರಿಯಾಗಿ ಲಾಕ್ ಆಗಿದೆಯೇ ಎಂದು ಎಳೆದು ನೋಡುತ್ತೇನೆ. ಹಿಂದಿನ ಗಾಜಿನ ಕೆಳಗಿನ ಹಲಗೆ ಖಾಲಿ. ಅಲ್ಲಿಟ್ಟ ಸಾಮಾನು ಬ್ರೇಕ್ ಹಾಕಿದರೆ ಕೂತವರ ತಲೆಗೇ ಬರುತ್ತದೆ.

ಕಳೆದ ದೀಪಾವಳಿ ಮುಗಿಸಿ ಅವ್ವನನ್ನೂ ಕರೆತರುವಾಗ ಅವಳೆಂದಳು: "ಭರಣಿ ಒಡೀತದ, ನನ್ನ ತೊಡಿ ಮ್ಯಾಲ ಇರ್ಲಿ."

ಲೆಕ್ಕ ಹೇಳಿದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 5 ಕಿಲೋ ಭರಣಿಯನ್ನು ತಡೆಯಲು 85 ಕಿಲೋ ಎತ್ತುವಷ್ಟು ಬಲ ಬೇಕು.

"ಹಂಗಾದ್ರ ನಾ?"

"ನೀ ಐವತ್ತು ಕಿಲೋ ಇದ್ದಿ. ಎಂಟೂವರೆ ಕ್ವಿಂಟಾಲ್."

ಹೊಲ ಮಾಡಿದವಳಿಗೆ ಕ್ವಿಂಟಾಲ್ ಬಿಡಿಸಿ ಹೇಳಬೇಕಿಲ್ಲ. ಭರಣಿಯನ್ನು ನನ್ನ ಕೈಗಿತ್ತು, ಬೆಲ್ಟ್ ಎಳೆದುಕೊಂಡಳು.

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡ ಸೈರಸ್ ಮಿಸ್ತ್ರಿ ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ ಕೂತಿದ್ದರು. ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂಬುದು ಕಾನೂನು. ತಪ್ಪಿದರೆ ದಂಡ 1000 ರೂಪಾಯಿ. ಊರಿನಿಂದ ತರುವ ಸಾಮಾನೆಲ್ಲ ಜೋಪಾನವಾಗಿ ಕಟ್ಟುವ ನಾವು, ಜೊತೆಗೆ ಬರುವ ಹಿರಿಯರನ್ನೂ ಒಂದು ಪಟ್ಟಿಯಿಂದ ಕಟ್ಟಿಕೊಂಡೇ ಹೊರಡೋಣ.