ಕಾವಲು ಮತ್ತು ವಿಶ್ವಾಸ

ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂದು ಹಿರಿಯರು ಹೇಳಿರುವರು. ಮಗಳ ವಿಷಯದಲ್ಲಿ ಈ ಮಾತನ್ನು ನೆನೆಯುವವರು ವಿರಳ.

ಶಿರಸಿಯ ಗೃಹಸ್ಥರೊಬ್ಬರು 18 ತುಂಬಿದ ತಮ್ಮ ಮಗಳನ್ನು ಧಾರವಾಡದ ಕಾಲೇಜಿಗೆ ಸೇರಿಸಿದರು. ತಂದೆಯ ಬ್ಯಾಂಕಿನ ಖಾತೆಯಿಂದಲೇ ಮಗಳು ತನ್ನ ಮೊಬೈಲಿನಲ್ಲಿ ಹಣ ತೆರುವಂತೆ ಏರ್ಪಾಡಾಗಿತ್ತು. ಅವಳು ಚಹಕ್ಕೆ 10 ರೂಪಾಯಿ ಕೊಟ್ಟರೂ ಸುದ್ದಿ ಶಿರಸಿಯನ್ನು ಮುಟ್ಟುತ್ತಿತ್ತು. ಸಂಜೆಯ ಸಂಭಾಷಣೆ ಬರಬರುತ್ತ ಲೆಕ್ಕದ ವಿಚಾರಣೆಯಾಯಿತು.

ಹೀಗಿರಲು, ಒಂದು ವಾರ ಯಾವ ವೆಚ್ಚವೂ ಕಾಣಲಿಲ್ಲ. ಮಗಳು ಮಿತವ್ಯಯ ಕಲಿತಳೆಂದು ತಂದೆ ಹಿಗ್ಗಿದರು. ಆದರೆ ಅವಳು ಜ್ವರದಿಂದ ಮಲಗಿದ್ದಳು. ಔಷಧಕ್ಕೆ ಗೆಳತಿಯಿಂದ ಸಾಲ ಪಡೆದಿದ್ದಳು. ಔಷಧದಂಗಡಿಯ ಹೆಸರು ಕಂಡೊಡನೆ ತನ್ನನ್ನು ಊರಿಗೆ ಕರೆದೊಯ್ಯುವರೆಂಬ ಭಯ ಅವಳದು.

ರಜೆಯಲ್ಲಿ ಈ ಸಂಗತಿ ಹೊರಬಿದ್ದಾಗ ತಂದೆ ಸಿಟ್ಟಾದರು. ತಾಯಿ ಮಾತ್ರ, “ಎಲ್ಲವನ್ನೂ ನೋಡಹೋಗಿ, ನೋಡಬೇಕಾದುದನ್ನೇ ಕಾಣದೆ ಹೋದೆವಲ್ಲ!” ಎಂದು ನಿಟ್ಟುಸಿರಿಟ್ಟರು.

1875ರ ಕಾಯಿದೆಯಂತೆ 18 ತುಂಬಿದವರು ಪ್ರಾಪ್ತ ವಯಸ್ಕರು. 1989ರಿಂದ ಮತದಾನದ ಹಕ್ಕೂ ಆ ವಯಸ್ಸಿಗೇ ದೊರೆತಿದೆ. ದೇಶವನ್ನಾಳುವವರನ್ನು ಆರಿಸಬಲ್ಲವಳು ತನ್ನ ತಿಂಗಳ ಖರ್ಚನ್ನು ತೂಗಿಸಲಾರಳೇ?

ಮುಂದಿನ ತಿಂಗಳಿಂದ ಹಣವು ಮಗಳ ಹೆಸರಿನ ಖಾತೆಗೇ ಹೋಯಿತು. ಉಳಿದದ್ದು ಒಂದೇ ಕಟ್ಟಳೆ: ಮೈ ಕೆಟ್ಟರೆ ಅವಳು ಮರೆಮಾಡದೆ ತಿಳಿಸಬೇಕು, ಕೇಳಿದವರು ಗದರಬಾರದು. ಇದರ ಉತ್ತರಾರ್ಧವನ್ನು ಪಾಲಿಸುವುದು ತಂದೆಗೆ ಇಂದಿಗೂ ಸುಲಭವಲ್ಲ. ಆದರೇನು? ಈಗ ಭಾನುವಾರದ ಕರೆ ಮಗಳ ಕಡೆಯಿಂದಲೇ ಬರುತ್ತದೆ.